ದುಡಿಯುವ ಮೈಗೆ ಎಷ್ಟು ಊಟ?

ನಮ್ಮ ತಾತ ಮಂಡ್ಯದ ಕಡೆಯ ಬೇಸಾಯಗಾರರು. ಬೆಳಗ್ಗೆ ನೇಗಿಲು ಹೊತ್ತು ಹೊರಟರೆ ಮಧ್ಯಾಹ್ನಕ್ಕೆ ಎರಡು ದೊಡ್ಡ ರಾಗಿಮುದ್ದೆ, ಮೇಲೆ ಅನ್ನ, ಮಜ್ಜಿಗೆ. ಆದರೂ ಹೊಟ್ಟೆ ಬೆನ್ನಿಗಂಟಿಕೊಂಡೇ ಇತ್ತು! ದುಬೈಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕುರ್ಚಿಯಲ್ಲಿ ಕುಳಿತು ರೋಗಿಗಳನ್ನು ನೋಡುತ್ತಿರುವ ಅವರ ಮೊಮ್ಮಗನಾದ ನಾನು ಮುದ್ದೆ ಬಿಟ್ಟಿಲ್ಲ. ನೇಗಿಲು ಮಾತ್ರ ಬಿಟ್ಟಿದ್ದೇನೆ.

ಇದು ಮತ್ತೆ ನೆನಪಾದದ್ದು ಕಳೆದ ಬೇಸಿಗೆಯಲ್ಲಿ, ಗೆಳೆಯರೊಡನೆ ಲೇಬರ್ ಕ್ಯಾಂಪ್ ಒಂದರಲ್ಲಿ ಆರೋಗ್ಯ ತಪಾಸಣೆ ನಡೆಸಿದಾಗ. ರಾಯಚೂರು ಕಡೆಯ ಹುಡುಗನೊಬ್ಬ ಬಂದ. ಕಟ್ಟಡಗಳಲ್ಲಿ ಕಬ್ಬಿಣದ ಕಂಬಿ ಕಟ್ಟುವ ಕೆಲಸ. ಊರಿಂದ ಬರುವಾಗ 60 ಕಿಲೋ ಇದ್ದವನು ಹತ್ತು ತಿಂಗಳಲ್ಲಿ 54ಕ್ಕೆ ಇಳಿದಿದ್ದ.

"ಏನಪ್ಪಾ, ಸರಿಯಾಗಿ ಊಟ ಮಾಡ್ತೀಯಾ?"

"ಬಿಸಿಲಿಗೆ ಊಟ ಸೇರಂಗಿಲ್ರೀ ಸರ್. ನೀರು ಕುಡದೇ ಹೊಟ್ಟಿ ತುಂಬ್ತೈತ್ರಿ."

ಬಿಡಿಸಿ ಕೇಳಿದಾಗ ಇನ್ನೊಂದು ಕಾರಣವೂ ಹೊರಬಂತು: ತಂಗಿಯ ಮದುವೆ. ಬೆಳಗಿನ ತಿಂಡಿಯ ದುಡ್ಡೂ ಊರಿಗೆ ಹೋಗುತ್ತಿತ್ತು! ಸಕ್ಕರೆ, ಥೈರಾಯ್ಡ್, ಎದೆಯ ಎಕ್ಸ್‌ರೇ ಎಲ್ಲ ನೋಡಿಸಿದೆವು, ರೋಗವೇನೂ ಇರಲಿಲ್ಲ.

ಐಸಿಎಂಆರ್ 2020ರಲ್ಲಿ ಕೊಟ್ಟ ಲೆಕ್ಕದಂತೆ 65 ಕಿಲೋ ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ 2,110 ಕ್ಯಾಲೊರಿ ಸಾಕು. ಭಾರೀ ದೈಹಿಕ ಕೆಲಸವಾದರೆ 3,470 ಬೇಕು. ನಮ್ಮ ಹುಡುಗನ ತೂಕಕ್ಕೆ ಇಳಿಸಿ ನೋಡಿದರೂ 3,000ದ ಹತ್ತಿರ. ಅವನು ಉಣ್ಣುತ್ತಿದ್ದುದು ಎರಡು ಸಾವಿರವೂ ಇರಲಿಲ್ಲ. ಕೊರತೆ ಬಿದ್ದಾಗ ದೇಹ ಕೊಬ್ಬನ್ನಷ್ಟೇ ಸುಡುವುದಿಲ್ಲ, ಸ್ನಾಯುವನ್ನೂ ಕರಗಿಸುತ್ತದೆ. ಕೂಲಿಯವನಿಗೆ ಸ್ನಾಯುವೇ ಬಂಡವಾಳ. ತಂಗಿಯ ಮದುವೆಗೆ ಅವನು ಕೂಡಿಸುತ್ತಿದ್ದುದು ತನ್ನ ತೋಳುಗಳನ್ನೇ.

ತಮಾಷೆಯೆಂದರೆ, ಅವನ ಬಿಎಂಐ 19, ನನ್ನದು 24. ಗೋಡೆಯ ಮೇಲಿದ್ದ ಚಾರ್ಟಿನ ಪ್ರಕಾರ ಇಬ್ಬರೂ 'ನಾರ್ಮಲ್'! ತೂಕದ ಯಂತ್ರಕ್ಕೆ ಸ್ನಾಯು ಯಾವುದು, ಕೊಬ್ಬು ಯಾವುದು ಎಂದು ಗೊತ್ತಾಗುವುದಿಲ್ಲ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮ ಮೈಯನ್ನೇ ಹೋಲಿಸಿ ತೋರಿಸಿದ್ದರು. ಇಬ್ಬರದೂ ಬಿಎಂಐ 22.3. ಆದರೆ ಯುಡ್ಕಿನ್‌ರಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ನಮ್ಮಂಥ ಏಷ್ಯನ್ನರು 23ರಿಂದಲೇ ಎಚ್ಚರ ವಹಿಸಬೇಕೆಂದರು. ಭಾರತೀಯ ಗಂಡಸಿನ ಸೊಂಟ 90 ಸೆಂಟಿಮೀಟರ್ ಒಳಗಿರಬೇಕು, ಹೆಂಗಸಿನದು 80. ನನ್ನದು 95. (ಮನೆಯವರು 97 ಎನ್ನುತ್ತಾರೆ.)

ಹುಡುಗನಿಗೆ ಟಾನಿಕ್ ಬರೆಯಲಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಇಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ಹೊತ್ತಿನಲ್ಲಿ ಅವನು ಉಣ್ಣದೆ ಮಲಗಿಬಿಡುತ್ತಿದ್ದ. ಮೊದಲು ಉಪ್ಪು ಹಾಕಿದ ಮಜ್ಜಿಗೆ, ಆಮೇಲೆ ಊಟ, ಆಮೇಲೆ ನಿದ್ದೆ ಎಂದೆ. ಬೆಳಗ್ಗೆ ಎರಡು ಮೊಟ್ಟೆ. ಜೇಬಿನಲ್ಲಿ ಹುರಿದ ಶೇಂಗಾ ಮತ್ತು ಬೆಲ್ಲ: ಅರವತ್ತು ಗ್ರಾಂ ಶೇಂಗಾದಲ್ಲೇ ಮುನ್ನೂರಕ್ಕೂ ಹೆಚ್ಚು ಕ್ಯಾಲೊರಿ, ಸುಮಾರು 15 ಗ್ರಾಂ ಪ್ರೋಟೀನು. ಬಿಸಿಲಿಗೆ ಊಟ ಸೇರದವನಿಗೆ ಇದಕ್ಕಿಂತ ಅಗ್ಗದ ಮದ್ದು ನನಗೆ ಗೊತ್ತಿಲ್ಲ.

ನಾಲ್ಕು ತಿಂಗಳ ನಂತರ ಬಂದ. 57 ಕಿಲೋ. ಊರಿಂದ ಅವ್ವ ಕಳಿಸಿದ ಶೇಂಗಾ ಚಟ್ನಿಪುಡಿಯ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು, "ನೀವೂ ತಿನ್ರೀ ಸರ್" ಎಂದ. ಡಬ್ಬಿ ಮನೆಗೆ ಬಂತು. ನನ್ನ ಪಾಲು ದಿನಕ್ಕೆ ಒಂದು ಚಮಚ ಎಂದು ಮನೆಯವರು ಗೊತ್ತುಮಾಡಿದ್ದಾರೆ.