ದೇವಿ ಹಾಕಿಸಿಕೊಂಡ ರಾಣಿ



ಕಳೆದ ತಿಂಗಳು ಮಾಂಟ್ ಕಿಯಾರಾದ ನಮ್ಮ ಕಾಂಡೋದಲ್ಲಿ ಸಣ್ಣ ಯುದ್ಧವೇ ನಡೆಯಿತು. ಏಳು ವರ್ಷದ ಮಗಳಿಗೆ ಲಸಿಕೆ ಬಾಕಿಯಿತ್ತು. ಅವಳಿಗೆ ಸೂಜಿ ಕಂಡರೆ ಭಯ. ವಾಟ್ಸಾಪ್‌ನಲ್ಲಿ ಬಂದ ಯಾವುದೋ ಸಂದೇಶ ಓದಿ ನನಗೂ ಒಳಗೊಳಗೇ ಅನುಮಾನ. "ಮುಂದಿನ ವಾರ ನೋಡೋಣ" ಎಂದು ಎರಡು ಸಲ ಮುಂದೂಡಿದೆ. ಓದಿದ ಇಂಜಿನಿಯರಿಂಗ್ ಕೆಲಸಕ್ಕೆ ಬರಲಿಲ್ಲ! ಆಗ ನೆನಪಾದದ್ದು ಮೈಸೂರಿನ ಒಂದು ಚಿತ್ರ.

1805ರ ಸುಮಾರಿಗೆ ಅದನ್ನು ಬರೆದವನು ಐರ್ಲೆಂಡಿನ ಥಾಮಸ್ ಹಿಕಿ. ಮೂವರು ಹೆಂಗಸರು ಮೈತುಂಬ ಒಡವೆ ತೊಟ್ಟು ನಿಂತಿದ್ದಾರೆ. ಬಹುಕಾಲ ಇವರನ್ನು ನರ್ತಕಿಯರೆಂದೇ ತಿಳಿದಿದ್ದರು. ಇವರು ಅರಮನೆಯವರು ಎಂದು ವಾದಿಸಿದವರು ಇತಿಹಾಸಕಾರ ನೈಜೆಲ್ ಚಾನ್ಸೆಲರ್. ಅವರ ಪ್ರಕಾರ ಬಲಬದಿಯಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಆಕೆ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಅದು ದೇವಿ ಹಾಕಿಸಿಕೊಂಡ ಜಾಗ! ದೊರೆಗೆ ಆಗಿನ್ನೂ ಎಳೆಯ ವಯಸ್ಸು. ಇದಕ್ಕೆಲ್ಲ ಒತ್ತಾಸೆಯಾಗಿದ್ದವರು ಅಜ್ಜಿ ಲಕ್ಷ್ಮಮ್ಮಣ್ಣಿ ಎಂಬುದು ಅವರ ಅಭಿಪ್ರಾಯ.

ರಾಣಿಯೇಕೆ ತೋಳು ತೋರಿಸಬೇಕಿತ್ತು? ಭಾರತದಲ್ಲಿ ಮೊದಲ ಸಿಡುಬಿನ ಲಸಿಕೆ ಹಾಕಿದ್ದು 1802ರ ಜೂನ್ 14ರಂದು ಮುಂಬೈಯಲ್ಲಿ, ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಮಗುವಿಗೆ. ಫ್ರಿಡ್ಜ್ ಇಲ್ಲದ ಕಾಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ಹಾಕುತ್ತ ಊರಿಂದೂರಿಗೆ ದಾಟಿಸುತ್ತಿದ್ದರು. ಯಾರ ಮೈಯಿಂದ ಬಂದದ್ದೋ, ಯಾವ ಜಾತಿಯೋ ಎಂದು ಜನ ಹಿಂಜರಿದರು. ರಾಣಿ ಹಾಕಿಸಿಕೊಂಡ ಮೇಲೆ ಜನ ಮುಂದೆ ಬಂದರೆಂದು 1806ರ ದಾಖಲೆಯೊಂದು ತಿಳಿಸುತ್ತದೆ.

ರಷ್ಯಾದ ಮಹಾರಾಣಿ ಕ್ಯಾಥರೀನ್ ಕೂಡ 1768ರಲ್ಲಿ, ಲಸಿಕೆ ಇನ್ನೂ ಬಾರದ ಕಾಲದಲ್ಲಿ, ಸಿಡುಬಿನ ಕೀವನ್ನೇ ಚುಚ್ಚಿಸಿಕೊಂಡು ಪ್ರಜೆಗಳಿಗೆ ಮೇಲ್ಪಂಕ್ತಿ ಹಾಕಿದ್ದಳು. ಡೆನ್ಮಾರ್ಕಿನ ಎರಿಕ್ಸನ್ ಬರೆದ ಆಕೆಯ ಪಟ್ಟಾಭಿಷೇಕದ ಚಿತ್ರದಲ್ಲಿ ಕಿರೀಟ, ರಾಜದಂಡ ಎಲ್ಲ ಉಂಟು. ನಮ್ಮ ರಾಣಿ ತೋರಿಸಿದ್ದು ಬರೀ ತೋಳು.

ಚಿತ್ರವನ್ನು ಕಂಪ್ಯೂಟರಿನಲ್ಲಿ ಮಗಳಿಗೆ ತೋರಿಸಿದೆ. ಊರಿಂದ ಬಂದಿದ್ದ ನನ್ನಮ್ಮ ಪಕ್ಕದಲ್ಲೇ ಕೂತಿದ್ದವರು ಮೆಲ್ಲಗೆ ರವಿಕೆಯ ತೋಳು ಮೇಲೆತ್ತಿದರು. ಕಾಸಿನಗಲದ ಹಳೆಯ ಗುರುತು!

"ಅಜ್ಜೀ, ನೀನೂ ರಾಣಿನಾ?"

"ನಮ್ಮ ಕಾಲದಲ್ಲಿ ಎಲ್ಲರಿಗೂ ಹಾಕ್ತಿದ್ರು ಪುಟ್ಟಿ. ಈಗ ಆ ಕಾಯಿಲೆಯೇ ಇಲ್ಲ."

ನಿಜ, ಸಿಡುಬು ಭೂಮಿಯಿಂದಲೇ ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ನನ್ನ ತೋಳಿನಲ್ಲಿ ಆ ಗುರುತಿಲ್ಲ. ಅಮ್ಮನಂಥವರು ಹಾಕಿಸಿಕೊಂಡಿದ್ದರಿಂದಲೇ ನನಗೆ ಬೇಕಾಗಲಿಲ್ಲ ಎಂಬುದು ಅಂದು ಹೊಳೆಯಿತು. ವಾಟ್ಸಾಪ್ ಸಂದೇಶವನ್ನು ಅಳಿಸಿದೆ.

ಮರುದಿನ ಕ್ಲಿನಿಕ್ಕಿನಲ್ಲಿ ಮಗಳು ಅತ್ತದ್ದು ಹೌದು. ಆದರೆ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ತೋಳು ತೋರಿಸಿಕೊಂಡೇ ಮನೆಗೆ ಬಂದಳು.

ನಿಮ್ಮ ಮನೆಗೂ ಊರಿಂದ ಹಿರಿಯರು ಬಂದಾಗ ಒಮ್ಮೆ ಅವರ ತೋಳು ನೋಡಿ, ಮಕ್ಕಳಿಗೂ ತೋರಿಸಿ.