ಬಿರುಕು ಹಿಡಿದ ಚಿಟ್ಟೆ

ಒಂದೇ ಮರದಿಂದ ಕೊಯ್ದ ಅಗಲವಾದ ಹಲಗೆ. ಅಂಚಿನಲ್ಲಿ ಮರದ ಮೈಯ ಅಂಕುಡೊಂಕು ಹಾಗೇ ಉಳಿದಿದೆ. ತುದಿಯಿಂದ ನಡುವಿನವರೆಗೆ ಬಿರುಕು ಓಡಿದೆ. ಅದಕ್ಕೆ ಅಡ್ಡಲಾಗಿ, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿ ಗಟ್ಟಿ ಮರದ ತುಂಡುಗಳು ಕೂತಿವೆ. ಪೀಠೋಪಕರಣ ವಿನ್ಯಾಸಕ ಜಾರ್ಜ್ ನಕಾಶಿಮಾ ಅವರ ಮೇಜನ್ನು ಗುರುತಿಸಲು ಈ ಚಿಟ್ಟೆ ಸಾಕು.

ನಕಾಶಿಮಾ ಹುಟ್ಟಿದ್ದು 1905ರಲ್ಲಿ, ಅಮೆರಿಕದ ಸ್ಪೋಕೇನ್‌ನಲ್ಲಿ, ಜಪಾನಿ ಕುಟುಂಬದಲ್ಲಿ. ಓದಿದ್ದು ವಾಸ್ತುಶಿಲ್ಪ. ಟೋಕಿಯೊದಲ್ಲಿ ವಾಸ್ತುಶಿಲ್ಪಿ ಆಂಟೊನಿನ್ ರೇಮಂಡ್ ಅವರ ಕಚೇರಿ ಸೇರಿದವರು, ಅಲ್ಲಿಂದ ಪಾಂಡಿಚೇರಿಗೆ ಬಂದರು. ಅರವಿಂದಾಶ್ರಮದ ಗೋಲ್ಕೊಂಡ್ ವಸತಿಗೃಹದ ಕೆಲಸವನ್ನು 1937ರಿಂದ 1939ರವರೆಗೆ ನಿಂತು ನೋಡಿಕೊಂಡರು. ಆಶ್ರಮದಲ್ಲಿ ಅವರಿಗೆ ಸಿಕ್ಕ ಹೆಸರು ಸುಂದರಾನಂದ.

ಅಮೆರಿಕಕ್ಕೆ ಮರಳಿದ ಮೇಲೆ ಯುದ್ಧ ಬಂತು. ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ 1942ರಲ್ಲಿ ಹೆಂಡತಿ, ಹಸುಗೂಸು ಮೀರಾ ಸಮೇತ ಅವರನ್ನು ಐಡಾಹೊದ ಮಿನಿಡೋಕಾ ಶಿಬಿರದಲ್ಲಿ ಕೂಡಿಹಾಕಿದರು. ಆ ಅನ್ಯಾಯದ ನಡುವೆಯೇ ಅವರಿಗೆ ಗುರು ಸಿಕ್ಕಿದರು. ಗೆಂತಾರೊ ಹಿಕೊಗಾವಾ ಎಂಬ ಬಡಗಿ, ಜಪಾನಿ ಉಳಿ, ಗರಗಸಗಳ ಬಳಕೆ ಕಲಿಸಿದರು. ಕೈಗೆ ಸಿಗುತ್ತಿದ್ದುದು ಚೂರುಪಾರು ಮರವಷ್ಟೇ. 1943ರಲ್ಲಿ ಬಿಡುಗಡೆಯಾಗಿ ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನಲ್ಲಿ ನೆಲೆ ಕಂಡಾಗಲೂ ಹಣವಿರಲಿಲ್ಲ. ಬೇರೆಯವರು ಬೇಡವೆಂದ ಗಂಟು, ಬಿರುಕಿನ ಹಲಗೆಗಳನ್ನು ಅವರು ಕೈಗೆತ್ತಿಕೊಂಡರು.

ಬಿರುಕು ಮರದ ದೋಷವೆನ್ನುವುದು ತಪ್ಪು. ಹಸಿಮರ ಒಣಗುವಾಗ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಆ ಎಳೆತಕ್ಕೆ ಮರ ಸೀಳುತ್ತದೆ. ಕೊಯ್ದ ತುದಿಗಳಿಂದ ನೀರು ಬೇಗ ಆರುವುದರಿಂದ ಸೀಳು ಅಲ್ಲೇ ಶುರು. ಅದಕ್ಕೇ ತುದಿಗಳಿಗೆ ಮೇಣವೋ ಬಣ್ಣವೋ ಬಳಿದು, ಹಲಗೆಗಳ ನಡುವೆ ರೀಪರ್ ಇಟ್ಟು, ನೆರಳಲ್ಲಿ ಒಟ್ಟುತ್ತಾರೆ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ.

ಚಿಟ್ಟೆ ಕೂರಿಸುವುದು ನಿಧಾನದ ಕೆಲಸ. ಅದರ ಎಳೆ ಬಿರುಕಿಗೆ ಅಡ್ಡವಾಗಿ ಓಡಬೇಕು. ಬಿರುಕಿನ ದಿಕ್ಕಿಗೇ ಓಡಿದರೆ ಚಿಟ್ಟೆಯ ಸೊಂಟವೇ ಮುರಿಯುತ್ತದೆ. ತುಂಡನ್ನು ಹಲಗೆಯ ಮೇಲಿಟ್ಟು ಚೂಪು ಚಾಕುವಿನಿಂದ ಗೆರೆ ಎಳೆಯಬೇಕು, ಪೆನ್ಸಿಲ್ ಗೆರೆ ದಪ್ಪವಾಗುತ್ತದೆ. ಗೆರೆಯೊಳಗೇ ಉಳಿಯಿಂದ ಗುಳಿ ತೋಡಿ, ಅಂಟು ಸವರಿ, ಕೊಡತಿಯಿಂದ ಬಡಿದಿಳಿಸಬೇಕು. ತುಂಡಿನ ಕೆಳಭಾಗ ಕೂದಲೆಳೆಯಷ್ಟು ಕಿರಿದಾಗಿದ್ದರೆ ಇಳಿದಂತೆಲ್ಲ ಬಿಗಿಯಾಗುತ್ತದೆ. ಬಿರುಕನ್ನು ತುಂಬುವುದಿಲ್ಲ. ಅದು ತೆರೆದೇ ಇರುತ್ತದೆ, ಮುಂದೆ ಮಾತ್ರ ಓಡದು.

ನಮ್ಮಲ್ಲಿ ಇಂಥ ಬಿರುಕಿನ ಹಲಸಿನ ಹಲಗೆ ಬಂದರೆ ಸೀಳಿ ಪಟ್ಟಿ ಮಾಡುತ್ತಾರೆ, ಇಲ್ಲವೇ ಮರದ ಹುಡಿಗೆ ಫೆವಿಕಾಲ್ ಕಲಸಿ ಮೆತ್ತಿ ಪಾಲಿಶ್ ಹೊಡೆಯುತ್ತಾರೆ. ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುವ ಹಲಗೆಯ ಜೊತೆ ಆ ಹುಡಿ ಹಿಗ್ಗಿ ಕುಗ್ಗುವುದಿಲ್ಲ, ಬಿಟ್ಟುಕೊಳ್ಳುತ್ತದೆ. ಬಡಗಿಗಳನ್ನು ದೂರಲಾರೆ. ಹಲಗೆ ಒಣಗುವವರೆಗೆ ಕಾಯುವ, ಚಿಟ್ಟೆಗೆಂದು ಬೇರೆ ಕೂಲಿ ಕೊಡುವ ಗಿರಾಕಿ ಎಲ್ಲಿದ್ದಾರೆ?

ನಕಾಶಿಮಾ 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಪೀಠೋಪಕರಣ ವಿನ್ಯಾಸ ಮಾಡಿಕೊಟ್ಟರು. 1990ರಲ್ಲಿ ತೀರಿಕೊಂಡರು. ನ್ಯೂ ಹೋಪ್‌ನ ಕಾರ್ಯಾಗಾರವನ್ನು ಮಗಳು ಮೀರಾ ಮುಂದುವರಿಸಿದರು. ಖಂಡಕ್ಕೊಂದು ಶಾಂತಿಮೇಜು ಇಡಬೇಕೆಂಬುದು ತಂದೆಯ ಆಸೆಯಾಗಿತ್ತು. ಅವುಗಳಲ್ಲಿ ಒಂದು 1996ರಲ್ಲಿ ಪಾಂಡಿಚೇರಿ ಪಕ್ಕದ ಆರೋವಿಲ್‌ಗೆ ಬಂತು. ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಆ ಊರು. ನಮ್ಮ ಹುಡುಗ ಬಡಗಿಗಳನ್ನು ಯಾರಾದರೂ ಅಲ್ಲಿಗೆ ಕರೆದೊಯ್ಯಬಾರದೇ?