ಗಾಡಿ ಚಕ್ರದ ಲೆಕ್ಕ ಪಿಕಪ್‌ಗೆ ಹೊಂದೀತೆ?

ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರ ಪ್ರಶ್ನೆ: "ನನ್ನ ಪಿಕಪ್‌ಗೆ ಕಂಪನಿಯಿಂದ ಬಂದದ್ದು 245/70 ಆರ್16 ಟೈರು. ತೋಟದ ದಾರಿಯಲ್ಲಿ ಕಲ್ಲು ಅಡಿಗೆ ಬಡಿಯುತ್ತದೆ. ಸಸ್ಪೆನ್ಷನ್ ಮುಟ್ಟದೆ ದೊಡ್ಡ ಟೈರು ಹಾಕಿಸಬಹುದೇ? ಅಂಗಡಿಯವನು 'ಏನೂ ಆಗಲ್ಲ ಸಾರ್' ಅಂತಾನೆ."

ಬೆಳೆಗಾರರ ಊಹೆಯಲ್ಲಿ ಹುರುಳಿದೆ. ಸಸ್ಪೆನ್ಷನ್ ಎತ್ತರಿಸಿದರೆ ಬಾಡಿ ಮೇಲೇಳುತ್ತದೆಯೇ ಹೊರತು, ಹಿಂದಿನ ಅಚ್ಚಿನ ನಡುವೆ ಜೋತಾಡುವ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಎತ್ತಬಲ್ಲದ್ದು ಟೈರು ಮಾತ್ರ. ಎಷ್ಟು ಎತ್ತುತ್ತದೆ? ಅವರ ಈಗಿನ ಟೈರಿನ ಎತ್ತರ ಸುಮಾರು 749 ಮಿಲಿಮೀಟರ್. 265/70 ಹಾಕಿದರೆ 777. ಹೆಚ್ಚಿದ್ದು 28, ಅದರಲ್ಲಿ ಅಚ್ಚಿನ ಕೆಳಗೆ ಬರುವುದು ಅರ್ಧ, 14 ಮಿಲಿಮೀಟರ್. ಹೆಬ್ಬೆರಳಿನ ಅಗಲವೂ ಅಲ್ಲ!

ಹಾಗಾದರೆ ನಮ್ಮ ಹಿರಿಯರು ಎತ್ತಿನ ಗಾಡಿಗೆ ಎದೆಯುದ್ದದ ಚಕ್ರ ಯಾಕೆ ಕಟ್ಟಿಸುತ್ತಿದ್ದರು? ಒಂದೂವರೆ ಮೀಟರ್ ಎತ್ತರದ ಗಾಡಿ ಚಕ್ರದ ಮುಂದೆ 10 ಸೆಂಟಿಮೀಟರ್ ಕಲ್ಲೊಂದನ್ನು ಇಡಿ. ಅದನ್ನು ಹತ್ತಿಸಲು ಅಚ್ಚನ್ನು ಅಡ್ಡಕ್ಕೆ ಎಳೆಯಬೇಕಾದ ಬಲ, ಆ ಚಕ್ರದ ಮೇಲಿರುವ ಭಾರದ ಶೇ. 58ರಷ್ಟು. ಚಕ್ರವನ್ನು ಅರ್ಧಕ್ಕೆ ಇಳಿಸಿದರೆ ಅದೇ ಕಲ್ಲಿಗೆ ಶೇ. 93 ಬೇಕು. ಎತ್ತುಗಳಿಗೆ ಈ ವ್ಯತ್ಯಾಸ ಹೆಗಲಿನಲ್ಲೇ ಗೊತ್ತಾಗುತ್ತಿತ್ತು. ಅರ್ಧಕ್ಕೆ ಇಳಿದ ಆ ಚಕ್ರ, ನೋಡಿ, ಹೆಚ್ಚುಕಡಿಮೆ ಪಿಕಪ್‌ನ ಚಕ್ರದಷ್ಟೇ ಇದೆ. ಅದನ್ನು 777ಕ್ಕೆ ಹಿಗ್ಗಿಸಿದರೆ ಶೇ. 93 ಇದ್ದದ್ದು 90ಕ್ಕೆ ಇಳಿಯುತ್ತದೆ. (ಗಾಳಿ ತುಂಬಿದ ಟೈರು ಕಲ್ಲಿಗೆ ತುಸು ಬಾಗುತ್ತದೆ; ಇದು ಗಟ್ಟಿ ಚಕ್ರದ ಲೆಕ್ಕ.)

ಇನ್ನೊಂದು ವಿಷಯ ಅಂಗಡಿಯವನು ಹೇಳುವುದಿಲ್ಲ. ಗಾಡಿಯ ಚಕ್ರ ಬರೀ ಉರುಳುತ್ತದೆ, ಎಳೆಯುವವು ಎತ್ತುಗಳು. ಅಲ್ಲಿ ಚಕ್ರ ದೊಡ್ಡದಾದಷ್ಟೂ ಎಳೆತ ಹಗುರ. ಪಿಕಪ್‌ನಲ್ಲಿ ಎಂಜಿನ್ ಅಚ್ಚನ್ನೇ ತಿರುಚಿ ಚಕ್ರದಿಂದ ನೆಲವನ್ನು ಒದೆಸುತ್ತದೆ. ತಿರುಚುವ ಬಲ ಅಷ್ಟೇ ಇದ್ದು ಚಕ್ರ ದೊಡ್ಡದಾದರೆ ನೆಲಕ್ಕೆ ತಲುಪುವ ಒದೆತ ಕಡಿಮೆಯಾಗುತ್ತದೆ. ಈ ಟೈರಿನಲ್ಲಿ ಅದು ಶೇ. 3.6ರಷ್ಟು. ಕಲ್ಲು ಹತ್ತುವಲ್ಲಿ ಗಳಿಸಿದ್ದನ್ನು ಘಾಟಿ ಹತ್ತುವಲ್ಲಿ ಕಳೆದಂತೆ. ಬ್ರೇಕಿಗೂ ಇದೇ ಪಾಡು: ಪೆಡಲ್ ಅಷ್ಟೇ ಒತ್ತಿದರೆ ಹಿಡಿತ ಅಷ್ಟು ಕಡಿಮೆ. ದೊಡ್ಡ ಟೈರಿನ ಹೆಚ್ಚುವರಿ ತೂಕವೂ ಅಂಚಿನಲ್ಲೇ ಕೂರುತ್ತದೆ. ಅಲ್ಲಿಯ ಒಂದು ಕಿಲೋವನ್ನು ಮುಂದಕ್ಕೂ ಓಡಿಸಬೇಕು, ಸುತ್ತಲೂ ತಿರುಗಿಸಬೇಕು. ವೇಗ ಹಿಡಿಯುವಾಗ ಅದು ಹಿಂದೆ ಹೇರಿದ ಎರಡು ಕಿಲೋಗೆ ಹತ್ತಿರ.

ಮೀಟರ್ ಮಾತ್ರ ಹಳೆಯ ಚಕ್ರದ ಲೆಕ್ಕವನ್ನೇ ಹಿಡಿದು ಕೂತಿರುತ್ತದೆ. ಅದು 100 ಕಿಲೋಮೀಟರ್ ಎಣಿಸುವಷ್ಟರಲ್ಲಿ ಗಾಡಿ 103.7 ಓಡಿರುತ್ತದೆ. ಟೈರು ಬದಲಿಸಿದ ಮೇಲೆ ಮೈಲೇಜ್ ಬಿತ್ತು ಎಂದು ಗೊಣಗುವವರ ದೂರಿನಲ್ಲಿ ಒಂದು ಪಾಲು ಹೀಗೆ ಎಣಿಕೆಗೆ ಬಾರದ ಓಟ.

ಅಂದಹಾಗೆ, ಗಾಳಿ ಟೈರಿನ ಕೀರ್ತಿಯೆಲ್ಲ 1880ರ ದಶಕದ ಕೊನೆಯಲ್ಲಿ ಮಗನ ಮೂರುಗಾಲಿ ಸೈಕಲ್ಲಿಗೆ ರಬ್ಬರ್ ಕೊಳವೆ ಸುತ್ತಿದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್‌ಗೆ ಹೋಗುತ್ತದೆ. ಆದರೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಅದು ಕುದುರೆ ಗಾಡಿಯ ಕಾಲ. ಅವರ ಟೈರು ಕೂಡ ಬರೀ ಉರುಳುವ ಟೈರೇ!

ಇನ್ನು ಜಾಗದ ಮಾತು. ನಿಂತ ಗಾಡಿಯ ಮಡ್‌ಗಾರ್ಡ್ ಒಳಗೆ ನಾಲ್ಕು ಬೆರಳು ಹೋಗುತ್ತದೆ ಎಂದು ನಂಬಬೇಡಿ. ಕಾಫಿ ಮೂಟೆ ಹೇರಿ, ಮುಂದಿನ ಒಂದು ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ, ಸ್ಟೇರಿಂಗನ್ನು ಕೊನೆಯವರೆಗೆ ಎರಡೂ ಕಡೆ ತಿರುಗಿಸಿ ನೋಡಿ. ಉಜ್ಜುವುದಿದ್ದರೆ ಆಗ ಉಜ್ಜುತ್ತದೆ.

ಬೆಳೆಗಾರರಿಗೆ ನನ್ನ ಉತ್ತರ: ಈ ಪರೀಕ್ಷೆಯಲ್ಲಿ ಗೆದ್ದರೆ, ನಿಮ್ಮ ಮಾದರಿಗೆ ಕಂಪನಿ ಆ ಅಳತೆಯನ್ನು ಒಪ್ಪಿದ್ದರೆ, 265/70 ಹಾಕಿಸಿ. 265/75 ಬೇಡ. ಅದರ ಎತ್ತರ 804. ಮೀಟರಿನ ತಪ್ಪು ಶೇ. 7 ದಾಟುತ್ತದೆ. ಹಾಕಿಸುವುದಾದರೆ ಐದೂ ಹಾಕಿಸಿ. ಫೋರ್ ವೀಲ್ ಡ್ರೈವ್‌ನಲ್ಲಿ ಒಂದೇ ಒಂದು ಚಕ್ರ ಚಿಕ್ಕದಿದ್ದರೂ ಗೇರುಗಳು ಒಂದನ್ನೊಂದು ಜಗ್ಗುತ್ತವೆ. ಹಿಂದಿನ ತೊಟ್ಟಿಯ ಕೆಳಗೆ ಸ್ಟೆಪ್ನಿ ಕೂರುವ ಜಾಗವನ್ನು ದುಡ್ಡು ಕೊಡುವ ಮೊದಲೇ ಅಳೆದುಕೊಳ್ಳಿ.